ಬಾಳವ್ವನ ಹೆಪ್ಪು

ಈ ಊರಿನಲ್ಲಿ ಯಾರು ಹೆಪ್ಪು ಹಾಕಿದರೂ ಹಾಲು ಮೊಸರಾಗುತ್ತದೆ. ಬಂದ ಹೊಸದರಲ್ಲಿ ನನಗೆ ಅದೇ ದೊಡ್ಡ ಸೋಜಿಗವಾಗಿತ್ತು. ಪಕ್ಕದ ಮನೆಯಾತ ಸಂಜೆ ಹೆಂಡತಿಗೆ ಹೊಡೆದ ಸದ್ದು ಗೋಡೆ ದಾಟಿ ನಮ್ಮ ಅಡಿಗೆಮನೆಗೆ ಬಂದಿತ್ತು. ಮರುದಿನ ಬೆಳಿಗ್ಗೆ ಆತ ಬಾಗಿಲಲ್ಲಿ ಕೂತು ಅವಲಕ್ಕಿಗೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದ. ಆ ಮನೆಯಲ್ಲಿ ಹಾಲು ಕಾಸಿ ಹೆಪ್ಪು ಹಾಕುವುದು ಆತನದೇ ಕೆಲಸ. ಅದನ್ನು ಆತನೇ ಹೆಮ್ಮೆಯಿಂದ ನಮಗೆ ಹೇಳಿದ್ದ. ಚಮಚ ನೆಟ್ಟಗೆ ನಿಲ್ಲುವಂಥ ಮೊಸರು. ಮಕ್ಕಳ ಡಬ್ಬಿ ಕಟ್ಟುವುದನ್ನು ಬಿಟ್ಟು ನಾನು ಆ ಬಟ್ಟಲನ್ನೇ ನೋಡುತ್ತ ನಿಂತುಬಿಟ್ಟೆ. ನಾನು ಲಗ್ನವಾಗಿ ಹೋಗಿದ್ದ ಊರಿನಲ್ಲಾಗಿದ್ದರೆ ಆ ಬಟ್ಟಲಿನಲ್ಲಿ ತೆಳ್ಳನೆಯ ಹಾಲು ಅಲುಗಾಡುತ್ತಿತ್ತು, ಓಣಿಗೆ ಓಣಿಯೇ ಬಂದು ಇಣುಕಿ ಹೋಗುತ್ತಿತ್ತು.

ಆ ಊರಿನ ಹೆಸರು ಹೇಳಿದರೆ ಬಸ್ಸಿನ ಕಂಡಕ್ಟರಿಗೂ ತಿಳಿಯುವುದಿಲ್ಲ. ಸುತ್ತ ಕೆಂಪು ಕಲ್ಲಿನ ಗುಡ್ಡ, ನಡುವೆ ಮೆಟ್ಟಿಲ ಬಾವಿ, ಬಾವಿಯಿಂದ ಹೊರಟು ಒಂದಕ್ಕೊಂದು ಸುತ್ತಿಕೊಂಡ ಓಣಿಗಳು. ಅಲ್ಲಿ ಮನುಷ್ಯರ ಮೇಲೆ ಎತ್ತಿದ ಕೈ ಹೆಪ್ಪು ಹಾಕಿದರೆ ಹಾಲು ಹಾಲಾಗಿಯೇ ಉಳಿಯುತ್ತಿತ್ತು. ಸಣ್ಣ ಏಟಿಗೆ ಕೆಲವು ದಿನ, ದೊಡ್ಡದಕ್ಕೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ. ಬೆಳಿಗ್ಗೆ ಬರಿ ಬಟ್ಟಲು ಹಿಡಿದು ಒಬ್ಬ ಹೆಂಗಸು ನೆರೆಮನೆಯ ಹೊಸ್ತಿಲಲ್ಲಿ ನಿಂತರೆ ಒಳಗಿನಿಂದ ಬರುವ ಮೊದಲ ಮಾತೇ, "ಯಾವ ಮಗಾ?"

"ನಡುವಿನಂವ, ಯಕ್ಕಾ."

"ಕಪಾಳಕ್ಕೇನು?"

"ಕುಂಡಿಗೆ."

"ಹಂಗಾರ ನಾಡಿದ್ದ ಸರಿಹೋಗತೈತಿ. ತಗೊ, ಬಟ್ಟಲ ಕೊಡು."

ಗಂಡಸು ಬಟ್ಟಲು ಹಿಡಿದು ಬಂದರೆ ಮಾತ್ರ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಬಟ್ಟಲು ತುಂಬಿ ಕಳಿಸಿ, ಅವನು ಹೊಲಕ್ಕೆ ಹೋದ ಮೇಲೆ ನಾಲ್ಕು ಜನ ಹೆಂಗಸರು ಕೂಡಿಕೊಂಡು ಅವನ ಹೆಂಡತಿಯನ್ನು ಮಾತಾಡಿಸಿಕೊಂಡು ಬರುತ್ತಿದ್ದರು. ಹೆಣ್ಣು ನೋಡಲು ಹೋಗುವ ಗಂಡು ತಾನೇ ಹೆಪ್ಪು ಹಾಕಿದ ಮೊಸರನ್ನು ಒಯ್ಯುವುದು ಅಲ್ಲಿಯ ರೂಢಿ. ನನ್ನನ್ನು ನೋಡಲು ಬಂದಾಗ ನನ್ನ ಗಂಡ ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಮಣ್ಣಿನ ಬಟ್ಟಲು ಇಟ್ಟುಕೊಂಡು, ಅಂಗಿಯ ತುಂಬ ಮೊಸರು ಚೆಲ್ಲಿಕೊಂಡು ಬಂದಿದ್ದರು. ನಮ್ಮಪ್ಪ ಅಡಿಗೆಮನೆಗೆ ಬಂದು ಅವ್ವನ ಕಿವಿಯಲ್ಲಿ, "ಹುಡುಗ ಮಸರು ಮಾರಾಂವ ಏನು, ಹೇಳಿದ್ದು ಬ್ಯಾರೆ ಇತ್ತಲ್ಲ" ಎಂದಿದ್ದ. ಆ ಊರು ಸೇರಿ, ಆ ಬಟ್ಟಲಿನ ಅರ್ಥ ತಿಳಿದ ಮೇಲೆ ನಾನು ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತು ಬಂದೆ. ಸಂತೋಷಕ್ಕೆ.

ಮಕ್ಕಳು ಹೆಪ್ಪು ಮುಟ್ಟುತ್ತಿರಲಿಲ್ಲ, ಹೀಗಾಗಿ ಅವರಿಗೆ ಹೊಡೆದಾಡಲು ಪೂರಾ ಸ್ವಾತಂತ್ರ್ಯ. ಮೀಸೆ ಚಿಗುರುವ ಹೊತ್ತಿಗೆ, ಹೆಣ್ಣಾದರೆ ಲಂಗ ಬಿಟ್ಟು ಸೀರೆ ಉಡುವ ಹೊತ್ತಿಗೆ, ಒಂದು ಒಳ್ಳೆಯ ದಿನ ನೋಡಿ ಕೈಗೆ ಹೆಪ್ಪಿನ ಚಮಚ ಕೊಡುತ್ತಿದ್ದರು. ಅದರ ಹಿಂದಿನ ದಿನ ಬಾವಿಯ ಹತ್ತಿರ ದೊಡ್ಡ ಗದ್ದಲ. "ಲೇ, ನಾಳೆ ನನಗ ಚಮಚ ಕೊಡತಾರ, ಏನಿದ್ರೂ ಇವತ್ತ ತೀರಸ್ಕೊಳ್ಳೂಣು ಬಾ" ಎಂದು ಹುಡುಗರು ಹಳೆಯ ಲೆಕ್ಕವನ್ನೆಲ್ಲ ಅಂದೇ ಚುಕ್ತಾ ಮಾಡಿ, ಹರಿದ ಅಂಗಿಯಲ್ಲಿ ಕೈಕೈ ಹಿಡಿದು ಮನೆಗೆ ಬರುತ್ತಿದ್ದರು. ಹಾಲು ಕುರಿ ಕೋಳಿಯ ಲೆಕ್ಕ ಇಡುತ್ತಿರಲಿಲ್ಲ. ಕುರಿ ಕೊಯ್ಯುವ ಇಮಾಮಸಾಬನ ಮನೆಯ ಮೊಸರು ಬೆಣ್ಣೆಯಂತಿರುತ್ತಿತ್ತು. ಹೊರಗಿನಿಂದ ಬೆತ್ತ ಹಿಡಿದು ಬಂದಿದ್ದ ಶಾಲೆಯ ಮಾಸ್ತರರು ಮಾತ್ರ ವರ್ಷವಿಡೀ ಮಜ್ಜಿಗೆ ಕಾಣದೆ, ಕಡೆಗೆ ಬೆತ್ತವನ್ನು ಅವರೆ ಬಳ್ಳಿಗೆ ಊರುಗೋಲು ಮಾಡಿದರು.

ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಬಾಳವ್ವ. ನಮ್ಮದು ಹೆಪ್ಪಿನ ಮನೆ. ಮನೆಯಲ್ಲಿ ಹೆಪ್ಪು ಎಷ್ಟೇ ಚೆನ್ನಾಗಿರಲಿ, ಅಮಾವಾಸ್ಯೆಗೊಮ್ಮೆ ಊರಿನ ಪ್ರತಿಯೊಂದು ಮನೆಯವರೂ ಬಂದು ನಮ್ಮ ಗಡಿಗೆಯಿಂದ ಒಂದು ಚಮಚ ಹೊಸ ಹೆಪ್ಪು ಒಯ್ಯಬೇಕು. ಆ ಗಡಿಗೆ ನೋಡಿಕೊಳ್ಳುವ ಕೈ ಬಾಳವ್ವನದು. ಎತ್ತರದ ಹೆಂಗಸು, ದೊಡ್ಡ ಪಾದ, ಮಾತು ಒರಟು. ಎಮ್ಮೆಯನ್ನೂ ಗಂಡನನ್ನೂ ಒಂದೇ ದನಿಯಲ್ಲಿ ಬಯ್ಯುತ್ತಿದ್ದಳು. ಕೈ ಮಾತ್ರ ಒಮ್ಮೆಯೂ ಎತ್ತಿದವಳಲ್ಲ. ಹೊಸ ಸೊಸೆಯಾಗಿ ಹೋದ ನನಗೆ ಹಾಲಿನ ಬಿಸಿಯನ್ನು ಕಿರುಬೆರಳಲ್ಲಿ ನೋಡುವುದನ್ನು ಕಲಿಸಿದವಳು ಅವಳೇ. ಬೆಳಗಿನ ಚಳಿಯಲ್ಲಿ ಒಲೆಯ ಮುಂದೆ ಇಬ್ಬರೂ ಕೂತು, ಗಡಿಗೆಯ ಮುಚ್ಚಳ ತೆಗೆದು, ಕೆನೆಗಟ್ಟಿದ ಮೊಸರಿನ ಮೇಲೆ ಅವಳು ಮೊದಲ ಚಮಚ ಊರುವುದನ್ನು ನೋಡುವುದಿತ್ತಲ್ಲ, ಆ ಹೊತ್ತಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಇಲ್ಲಿ ಪ್ಯಾಕೆಟ್ಟು ಕತ್ತರಿಸುವಾಗ ಯಾವ ವಾಸನೆಯೂ ಬರುವುದಿಲ್ಲ.

ಅಡಿವೆಪ್ಪ ಅಂತ ಒಬ್ಬನಿದ್ದ, ಕಂಬಳಿ ಅಂಗಡಿಯವನು. ಬಹಳ ಮೆತ್ತಗಿನ ಮನುಷ್ಯ. ಸಣ್ಣವರನ್ನೂ "ತಾಯಿ", "ತಂದಿ" ಎಂದೇ ಕರೆಯುವನು. ಅವನ ಮೊಸರಿನ ಸುದ್ದಿಯೇ ಒಂದು ಕಥೆ. ಸೋಮವಾರ ಸೋಮವಾರ ಚಾವಡಿಯ ಹಿರಿಯರಿಗೆಂದು ಬಟ್ಟಲು ತಂದು, ಎಲ್ಲರೆದುರು ಅದನ್ನು ಬೋರಲು ಹಾಕಿ ತೋರಿಸುತ್ತಿದ್ದ. ಒಂದು ಹನಿ ಬೀಳುತ್ತಿರಲಿಲ್ಲ. ಊರಿನಲ್ಲಿ ಅವನ ಮಾತಿಗೆ ತೂಕ ಬಂದದ್ದು ಆ ಬಟ್ಟಲಿನಿಂದಲೇ. ಗುಡ್ಡದ ಆಚೆಯ ಊರಿನಿಂದ, ತಂದೆತಾಯಿ ಇಲ್ಲದ ಕಸ್ತೂರಿ ಎಂಬ ಹುಡುಗಿಯನ್ನು ಲಗ್ನವಾಗಿ ತಂದಿದ್ದ.

ಕಸ್ತೂರಿ ಅಮಾವಾಸ್ಯೆಗೆ ಹೆಪ್ಪು ಒಯ್ಯಲು ಬಂದಾಗಷ್ಟೇ ನಮಗೆ ಕಾಣುತ್ತಿದ್ದಳು. ಬಂದವಳು ಮೊದಲು ನೀರು ಕೇಳುವಳು. ಒಂದು ತಂಬಿಗೆ, ಮತ್ತೊಂದು, ಮೊಣಕೈ ಮೇಲೆ ಹರಿದು ಸೆರಗು ತೊಯ್ದರೂ ಎತ್ತಿದ ತಂಬಿಗೆ ಇಳಿಸುತ್ತಿರಲಿಲ್ಲ. ಎರಡು ಅಮಾವಾಸ್ಯೆ ನೋಡಿ, ಮೂರನೆಯದಕ್ಕೆ ಬಾಳವ್ವ ಕೇಳಿದಳು, "ಯಾಕ ಬೇ, ನಿಮ್ಮ ಮನ್ಯಾಗಿನ ಕೊಡಾ ಒಡದೈತೇನು?"

"ಇಲ್ಲ ಯಕ್ಕಾ. ಕಟ್ಟ್ಯಾರ."

"ಏನು ಕಟ್ಟ್ಯಾರ?"

"ಕೊಡದ ಬಾಯಿ. ಪಲ್ಲೆಕ್ಕ ಉಪ್ಪು ಹೆಚ್ಚಾಗಿತ್ತು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವರ ಗಂಟು ಅವರಿಗೇ ಗೊತ್ತು. ಬಿಚ್ಚಿದ್ರ ತಿಳೀತೈತಿ. ಅಂಗಡಿಗೆ ಹೋಗುವಾಗ ಹೊರಗಿಂದ ಕೀಲಿ ಹಾಕ್ಕೊಂಡ ಹೋಗತಾರ."

"ಹೊಡೀತಾನೇನು?"

"ಛೆ, ಇಲ್ಲ ಯಕ್ಕಾ. ಒಮ್ಮಿನೂ ಕೈ ಹಚ್ಚಿಲ್ಲ." ಅದನ್ನು ಅವಳು ಗಂಡನ ಪರವಾಗಿ ಹೇಳಿದಳೋ, ದುಃಖದಲ್ಲಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಾಳವ್ವ ಅಂದೇ ನನ್ನನ್ನು ಕರೆದುಕೊಂಡು ಚಾವಡಿಗೆ ಹೋದಳು. ಊರ ಹಿರಿಯ ಈರಬಸಜ್ಜ ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತಿದ್ದ.

"ಅಜ್ಜಾ, ಅಡಿವೆಪ್ಪ ಹೆಂಡ್ತಿಗೆ ನೀರು ಕೊಡಾಕತ್ತಿಲ್ಲ."

"ಹೊಡದಾನೇನು?"

"ಇಲ್ಲ. ಕೊಡದ ಬಾಯಿ ಕಟ್ಟ್ಯಾನ."

"ಕಟ್ಟಿದ್ದು ಕೊಡದ ಬಾಯಿ ಅಲ್ಲೇನು? ನಮ್ಮ ಮನಿಯಾಕಿದು ಕಟ್ಟಾಕ ನನ್ನ ಕೈಲೆ ಆಗಿಲ್ಲ" ಎಂದ ಅಜ್ಜ. ಸುತ್ತಲಿನವರು ನಕ್ಕರು. ಬಾಳವ್ವ ನಗದೆ ನಿಂತದ್ದನ್ನು ನೋಡಿ ಅಜ್ಜ ದನಿ ಬದಲಿಸಿದ. "ಅವನ ಮಸರು ನೀನೂ ನೋಡೀದಿ ಬಾಳವ್ವಾ. ಅಂಥಾ ಕೈಯಿ ಮ್ಯಾಲ ಏನಂತ ಮಾತು ಹೇಳ್ತಿ?"

ತಿರುಗಿ ಬರುವಾಗ ಓಣಿಯಲ್ಲಿ ಬಾಳವ್ವ ಒಮ್ಮೆ ನಿಂತಳು. "ತಂಗಿ, ಹಾಲು ಕೈ ಅಷ್ಟ ನೋಡತೈತಿ. ಉಳದದ್ದೆಲ್ಲಾ ನಾವು ನೋಡಬೇಕಾಗಿತ್ತು. ನಾವು ಅದನ್ನೂ ಹಾಲಿಗೇ ಬಿಟ್ಟೀವಿ" ಎಂದಳು.

ಬೇಸಿಗೆ ಏರಿತು. ಮುಂದಿನ ಅಮಾವಾಸ್ಯೆಗೆ ಊರೆಲ್ಲ ಬಂದು ಹೆಪ್ಪು ಒಯ್ದರೂ ಕಸ್ತೂರಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಳವ್ವ ಒಂದು ಬಟ್ಟಲಲ್ಲಿ ಹೆಪ್ಪು ಹಾಕಿ ನನ್ನ ಕೈಗೆ ಕೊಟ್ಟಳು, ತಾನು ಹಿತ್ತಾಳೆಯ ತಂಬಿಗೆ ತುಂಬ ನೀರು ಹಿಡಿದು ಹೊರಟಳು. ಅಡಿವೆಪ್ಪನ ಮನೆಯ ಮುಂದೆ ಆಗಲೇ ಜನ ನೆರೆದಿದ್ದರು. ಹಿಂದಿನ ದಿನದಿಂದ ಒಳಗೆ ನರಳುವ ಸದ್ದು ಕೇಳುತ್ತಿತ್ತಂತೆ, ಬೆಳಗಿನಿಂದ ಅದೂ ಇಲ್ಲವಂತೆ. ಕಲ್ಲಿನ ಮನೆ, ಕಿಟಕಿ ಅಂಗೈಯಗಲ. ಅಡಿವೆಪ್ಪ ಮೆಟ್ಟಿಲ ಮೇಲೆ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಮುಗಿದುಕೊಂಡು ನಿಂತಿದ್ದ. ಬಾಗಿಲು ಮುರಿಯಬೇಕೆಂದರೆ ಮೊದಲು ಅವನನ್ನು ಹಿಡಿದು ಎಳೆಯಬೇಕು, ಎಳೆದ ಕೈಯ ಹಾಲೂ ಮೊಸರಾಗುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಜ್ವರ ಬಂದೈತ್ರಿ ತಾಯಿ" ಎಂದ ಬಾಳವ್ವನನ್ನು ನೋಡಿ. "ಮಾತಿಗೆ ಮಾತು ಕೊಟ್ಟಳು, ಅದಕ್ಕ ಎರಡು ದಿನ ಬಾಯಿ ಒಣಗಲಿ ಅಂತ ಬಿಟ್ಟೀನಿ. ಗಂಡಾ ಹೆಂಡ್ತಿ ನಡುವಿನ ಮಾತು. ನೀವೆಲ್ಲಾ ಯಾಕ ಬಿಸಿಲಾಗ ನಿಂತೀರಿ?"

"ಕದಾ ತಗಿ ಅಡಿವೆಪ್ಪ."

"ನಾ ಆಕಿನ್ನ ಹೊಡದೀನೇನ್ರಿ? ನಿಮ್ಮನ್ನ ಯಾರನ್ನರ ಹೊಡದೀನೇನು?"

ಬಾಳವ್ವ ಗಂಡಸರ ಕಡೆ ತಿರುಗಿದಳು. ಅಲ್ಲಿ ಗಟ್ಟಿಮುಟ್ಟಾದವರು ಹತ್ತಾರು ಜನ ಇದ್ದರು. ಬಡಿಗೇರ ದುಂಡಪ್ಪ ಎಂಬ ಹುಡುಗ ಕೊಡಲಿ ಹಿಡಿದೇ ಬಂದಿದ್ದ. "ಏನ್ ನೋಡ್ತಿ, ಅವನ್ನ ಸರಸು" ಎಂದಳು. ದುಂಡಪ್ಪನ ಮುಖ ಕೆಂಪಾಯಿತು. "ಬರೂ ವಾರ ಹೆಣ್ಣ ನೋಡಾಕ ಹೋಗೂದೈತಿ ಅತ್ತಿ. ಬಟ್ಟಲ ಒಯ್ಯಬೇಕು" ಎಂದ. ಇನ್ನೊಬ್ಬನ ತಂಗಿಯ ಮದುವೆ, ಮತ್ತೊಬ್ಬನದು ಚಾವಡಿಯಲ್ಲಿ ವ್ಯಾಜ್ಯ. ಒಬ್ಬರೂ ಕೆಟ್ಟವರಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಯಾರಾದರೂ ಕೈ ಕೆಡಿಸಿಕೊಂಡರೆ ಸಾಕು ಎನ್ನುವಂತೆ.

ಆಗ ಬಾಗಿಲಿನ ಒಳಮೈಯನ್ನು ಉಗುರಿನಿಂದ ಗೀರಿದ ಸದ್ದು ಕೇಳಿತು. ನೆಲದ ಹತ್ತಿರದಿಂದ. ಒಮ್ಮೆ ಗೀರಿತು, ನಿಂತಿತು.

"ಕೀಲಿಕೈ ಕೊಡೋ" ಎಂದಳು ಬಾಳವ್ವ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಇಲ್ರಿ ತಾಯಿ" ಎಂದ ಅಡಿವೆಪ್ಪ, ಮುಗಿದ ಕೈ ಬಿಡದೆ.

ಬಾಳವ್ವ ಎರಡು ಮೆಟ್ಟಿಲು ಹತ್ತಿ, ನೀರು ತುಂಬಿದ ತಂಬಿಗೆಯನ್ನು ಕಂಠದ ಹತ್ತಿರ ಹಿಡಿದು ಬೀಸಿದಳು. ಅದು ಅವನ ಎಡ ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು ನೆರೆದವರಿಗೆಲ್ಲ ಕೇಳಿತು. ಅವನು ಮೆಟ್ಟಿಲ ಮೇಲೆ ಕುಸಿದ, ನೀರು ಅವನ ಮೈಮೇಲೆ, ನಮ್ಮ ಕಾಲ ಮೇಲೆ. ಬಾಳವ್ವ ಬಗ್ಗಿ ಅವನ ಉಡಿದಾರದಿಂದ ಬೀಗದ ಕೈ ಹರಿದುಕೊಂಡು ಬಾಗಿಲು ತೆಗೆದಳು.

ಕಸ್ತೂರಿ ಹೊಸ್ತಿಲ ಹಿಂದೆಯೇ ಬಿದ್ದಿದ್ದಳು. ತುಟಿ ಒಡೆದು ಕಪ್ಪಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಅವಳ ಪಕ್ಕದಲ್ಲೇ ಕೊಡ, ತುಂಬಿದ ಕೊಡ, ಬಾಯಿಗೆ ಬಟ್ಟೆ ಬಿಗಿದು ಗಂಟು ಹಾಕಿದ್ದು. ಆ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ. ಬಾಳವ್ವ ನನ್ನನ್ನು ಸರಿಸಿ ಹಲ್ಲಿನಿಂದ ಹರಿದಳು. ಸೆರಗು ಅದ್ದಿ, ಒಂದೊಂದೇ ಹನಿ ಆ ತುಟಿಗಳ ನಡುವೆ ಹಿಂಡುತ್ತ, "ಒಮ್ಮಿಗೇ ಬ್ಯಾಡ, ಸಾವಕಾಶ, ಸಾವಕಾಶ ನನ್ನವ್ವಾ" ಎನ್ನುತ್ತಿದ್ದಳು. ಗಂಟಲು ಒಮ್ಮೆ ಅಲುಗಿತು.

ಅಂದು ಸಂಜೆ ಬಾಳವ್ವ ಎಂದಿನಂತೆ ಹಾಲು ಕಾಸಿ ಹೆಪ್ಪು ಹಾಕಿದಳು. ಬೆಳಿಗ್ಗೆ ಒಲೆಯ ಮುಂದೆ ಕೂತು ಮುಚ್ಚಳ ತೆಗೆದಳು, ಗಡಿಗೆಯನ್ನು ಸ್ವಲ್ಪ ಓರೆ ಮಾಡಿದಳು. ಹಾಲು ಅತ್ತಿತ್ತ ಹರಿದಾಡಿತು. ಹೆಪ್ಪಿನ ಚಮಚವನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು. ಒಳಗಿನ ಕೋಣೆಯಲ್ಲಿ ಕಸ್ತೂರಿ ಮಲಗಿದ್ದಳು.

ಸುದ್ದಿ ಕೇಳಿ ಬಂದವರು ಸಮಾಧಾನ ಹೇಳಿದರು. ಪಕ್ಕದ ಮನೆಯ ದೊಡ್ಡವ್ವ, "ನೀ ಹೊಡದದ್ದು ಹೊಡತ ಅಲ್ಲ ಬಿಡ ಬಾಳವ್ವಾ" ಎಂದಳು.

"ಮತ್ತೇನು, ಸೋಬಾನ ಹಾಡಿದ್ನೇನು?"

"ಹಂಗಲ್ಲ ಬೇ. ಒಂದು ಜೀವಾ ಉಳಸಾಕ ಹೊಡದಿ. ಅದು ತಪ್ಪಲ್ಲ."

"ನಾ ತಪ್ಪು ಅಂದೆನೇನು? ನಾಳೆ ಅದ ಹೊತ್ತು ಬಂದ್ರ ನಾಳೇನೂ ಹೊಡೀತೀನಿ. ಆದ್ರ ಹೊಡದಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ. ಎಲುಬು ಮುರದ ಸಪ್ಪಳ ನಿಮ್ಮ ಕಿವ್ಯಾಗ ಬಿತ್ತು, ನನ್ನ ಕೈಯಾಗ ಐತಿ."

ಸಂಜೆ ದುಂಡಪ್ಪ ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು ಬಂದ. ನಾಚಿಕೆ ಅವರ ಮೈಯಲ್ಲಿ ಸಿಟ್ಟಾಗಿ ಕುದಿಯುತ್ತಿತ್ತು. "ಅತ್ತಿ, ನಾವೂ ಹೋಗಿ ಅವಂಗ ಒಂದೊಂದು ಬಿಟ್ಟು ಬರತೀವಿ. ಊರ ಹಾಲೆಲ್ಲಾ ಕೆಟ್ಟರ ನಿನ್ನ ಹಾಲು ಯಾರು ಕೇಳ್ತಾರ?" ಎಂದ.

ಬಾಳವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಿನ್ನೆ ಕದಾ ತಗ್ಯಾಕ ಒಂದು ಕೈ ಬರಲಿಲ್ಲ. ಇವತ್ತ ಬಿದ್ದವನ ಮ್ಯಾಲ ಇಷ್ಟು ಕೈ ಬಂದಾವು. ಯಾರನ್ನ ಉಳಸಾಕ ಹೊಂಟೀರಿ? ಹೋಗ್ರಿ, ಮನಿಗೆ ಹೋಗಿ ಉಣ್ಣ ಹೋಗ್ರಿ" ಎಂದಳು. ಅವರು ತಲೆ ತಗ್ಗಿಸಿ ಹೋದರು.

ಅಡಿವೆಪ್ಪ ಸುಮ್ಮನೆ ಕೂರಲಿಲ್ಲ. ಎಲುಬು ಕಟ್ಟುವವನಿಂದ ಬಿದಿರಿನ ದಬ್ಬೆ ಕಟ್ಟಿಸಿಕೊಂಡು, ತೋಳನ್ನು ಕೊರಳಿಗೆ ಜೋಲಿ ಹಾಕಿಕೊಂಡು ಚಾವಡಿಗೆ ದೂರು ಒಯ್ದ. ತನಗೆ ದಂಡ ಬೇಡ, ಕ್ಷಮೆ ಬೇಡ, ಹೆಂಡತಿ ಬೇಕು. ಆ ಊರಿನ ನ್ಯಾಯಕ್ಕೆ ಸಾಕ್ಷಿಯೂ ಇಲ್ಲ, ಆಣೆಯೂ ಇಲ್ಲ. ಎರಡೂ ಕಡೆಯವರು ಚಾವಡಿಯಲ್ಲಿ ಸಂಜೆ ಹಾಲಿಗೆ ಹೆಪ್ಪು ಹಾಕಿ ಹೋಗಬೇಕು. ಬೆಳಿಗ್ಗೆ ಯಾರ ಬಟ್ಟಲು ಗಟ್ಟಿಯೋ ಅವರ ಮಾತು ಗಟ್ಟಿ. ಲಾಗಾಯ್ತಿನಿಂದ ನಡೆದು ಬಂದದ್ದು. ಸುದ್ದಿ ತಿಳಿದ ಕಸ್ತೂರಿ ಆ ದಿನ ಉಣ್ಣಲಿಲ್ಲ. ಆಗಷ್ಟೇ ಎದ್ದು ಓಡಾಡತೊಡಗಿದ್ದಳು. ಕೊಡದ ಹತ್ತಿರ ಹೋಗುವುದು, ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ಹೋಗುವುದು.

ಈರಬಸಜ್ಜನಿಗೂ ಒಳಗೊಳಗೆ ಕಸಿವಿಸಿಯಾಗಿತ್ತು. ಒಂದು ದಿನ ಮುಂಚೆ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದ. ಆ ವಯಸ್ಸಿನಲ್ಲಿ ಮುಳ್ಳುಬೇಲಿ ದಾಟಿ ಬಂದಿದ್ದ. "ಬಾಳವ್ವಾ, ಒಂದು ದಾರಿ ಐತಿ. ಹೆಪ್ಪು ಹಾಕೂಮುಂದ ಕತ್ತಲಿರತೈತಿ. ನೀ ಬಟ್ಟಲ ಹಿಡಿ, ನಿನ್ನ ನೆಗೆಣ್ಣಿ ಚಮಚ ಅದ್ದಲಿ. ನಾ ಆ ಕಡೆ ಮುಖಾ ತಿರುಗಸ್ತೀನಿ."

"ಹೂಂ ಅನ್ನು ಯಕ್ಕಾ" ಎಂದೆ. ಕಸ್ತೂರಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

ಬಾಳವ್ವ ಅಜ್ಜನಿಗೆ ಮಜ್ಜಿಗೆ ಕೊಟ್ಟಳು, ನಾನು ಹೆಪ್ಪು ಹಾಕಿದ ಮೊಸರಿನದು. ಅವನು ಕುಡಿದು ಮುಗಿಸುವ ತನಕ ಕಾದಳು. "ಬ್ಯಾಡ ಅಜ್ಜಾ. ಇವತ್ತ ನನ್ನ ಸಲುವಾಗಿ ಮುಖಾ ತಿರುಗಸ್ತಿ, ನಾಳೆ ಯಾರ ಸಲುವಾಗಿ ತಿರುಗಸ್ತೀಯೋ. ಹೆಂಡ್ತಿ ಬೆನ್ನು ಮುರದಂವ ತಮ್ಮನ ಕೈಲೆ ಹೆಪ್ಪು ಹಾಕಸ್ಕೊಂಡ ಬರತಾನ. ನಾ ಹೊಡದೀನಿ. ಹೊಡದಾಕಿ ಬಟ್ಟಲ ಹೆಂಗಿರಬೇಕೋ ಹಂಗ ಇರಲಿ."

"ಮತ್ತ ಈ ಹುಡುಗಿ?"

ಅಜ್ಜ ಹೋದ ಮೇಲೆ ಬಾಳವ್ವ ಕಸ್ತೂರಿಯ ಕಡೆ ನೋಡಲಾರದೆ ಕೊಟ್ಟಿಗೆಗೆ ಹೋಗಿ, ಆಗಲೇ ಗುಡಿಸಿದ್ದ ಕೊಟ್ಟಿಗೆಯನ್ನು ಮತ್ತೆ ಗುಡಿಸಿದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಒಬ್ಬರ ಜೀವಕ್ಕಾಗಿ ಎಲುಬು ಮುರಿಯಬಲ್ಲವಳು ಒಂದು ಸುಳ್ಳು ಹೇಳಲಾರಳೇ ಎಂದು.

ಮರುದಿನ ಸಂಜೆ ಇಬ್ಬರೂ ಹೆಪ್ಪು ಹಾಕಿದರು. ಬೆಳಿಗ್ಗೆ ಚಾವಡಿ ತುಂಬಿತ್ತು. ಅಡಿವೆಪ್ಪ ತನ್ನ ಬಟ್ಟಲನ್ನು ಒಂದೇ ಕೈಯಲ್ಲಿ ಬೋರಲು ಹಿಡಿದು ತೋರಿಸಿದ. ಬಾಳವ್ವ ತನ್ನದನ್ನು ಎತ್ತಿ ಬಗ್ಗಿಸಿದಳು. ಬಿಳಿ ಹಾಲು ಕಲ್ಲಿನ ಮೇಲೆ ಹರಿದು ಜನರ ಕಾಲಿನ ತನಕ ಹೋಯಿತು. "ನೋಡ್ರಿ. ಹೊಡದೀನಿ" ಎಂದಳು.

ಈರಬಸಜ್ಜ ಬಹಳ ಹೊತ್ತು ಕೆಮ್ಮಿದ. "ಹಾಲು ಹೇಳೂದು ಹೇಳೈತಿ. ಎದ್ದು ಹೋಗವ್ವಾ ಕಸ್ತೂರಿ, ಗಂಡನ ಮನಿಗೆ."

ಕಸ್ತೂರಿ ಕಂಬದ ಹತ್ತಿರ ನನ್ನ ಪಕ್ಕ ನಿಂತಿದ್ದಳು. ಅವಳ ಕೈ ನನ್ನ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಂಡು ಚಾವಡಿಯ ನಡುವೆ ಹೋದಳು. ಹೊರಟೇ ಬಿಟ್ಟಳು ಅಂದುಕೊಂಡೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ಆ ಹಾಲು ಹರಿದ ಕಲ್ಲಿನ ಮೇಲೆ ಕೂತುಬಿಟ್ಟಳು.

"ಏಳು, ಹೋಗೂಣು" ಎಂದ ಅಡಿವೆಪ್ಪ, ಮೆತ್ತಗೆ.

"ಏಳಂಗಿಲ್ಲ."

"ನ್ಯಾಯ ಆಗೈತಿ."

"ಆಗೈತಿ. ನಾ ಏಳಂಗಿಲ್ಲ."

ಚಾವಡಿಯಲ್ಲಿ ಹಾಗೆ ಹಿಂದೆ ಯಾರೂ ಮಾಡಿರಲಿಲ್ಲ. ಅಡಿವೆಪ್ಪ ಹಿರಿಯರ ಕಡೆ ನೋಡಿದ. ಹಿರಿಯರು ತಮ್ಮ ತಮ್ಮ ಕಾಲಿನ ಕಡೆ ನೋಡಿಕೊಂಡರು. ಅವನು ಹುಡುಗರ ಕಡೆ ತಿರುಗಿ, "ಎಬ್ಬಸ್ರಪಾ ಆಕಿನ್ನ" ಎಂದ.

ಬಡಿಗೇರ ದುಂಡಪ್ಪ ತಲೆ ಕೆರೆದುಕೊಂಡ. "ಹೆಣ್ಣ ನೋಡಾಕ ಹೋಗೂದೈತಿ ಮಾವಾ. ಕೈ ಕೆಡಸ್ಕೊಳ್ಳಾಕ ಬರಂಗಿಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ, ತಂಗಿಯ ಮದುವೆ ಎಂದ. ಮತ್ತೊಬ್ಬ, ನನ್ನದೂ ವ್ಯಾಜ್ಯ ಐತಿ ಎಂದ. ಕುರಿ ಕೊಯ್ಯುವ ಇಮಾಮಸಾಬ, "ನನಗ ಬರೀ ಕುರಿ ಎಳದು ರೂಢಿ ಐತ್ರೀ" ಎಂದ. ಅಂದು ಆ ಬಾಗಿಲ ಮುಂದೆ ನಿಂತಿದ್ದವರೇ ಅವರೆಲ್ಲ. ನಿಂತ ಭಂಗಿಯೂ ಅದೇ.

ಅಡಿವೆಪ್ಪ ತಾನೇ ಮುಂದೆ ಬಂದ. ಬಲಗೈ ಚಾಚಿದ. ಕಸ್ತೂರಿ ತಲೆ ಎತ್ತಿ ಆ ಕೈಯನ್ನು ನೋಡಿದಳು, ತನ್ನ ತೋಳನ್ನು ಮುಂದಕ್ಕೆ ಹಿಡಿದಳು. "ಹಿಡೀರಿ. ಹಿಡದು ಎಳೀರಿ. ನಾಳೆ ಮುಂಜಾನೆ ನಿಮ್ಮ ಬಟ್ಟಲಾ ನಾನೂ ನೋಡತೀನಿ."

ಅವನ ಬೆರಳುಗಳು ಅವಳ ಮಣಿಕಟ್ಟಿನಿಂದ ಒಂದು ಗೇಣು ದೂರದಲ್ಲಿ ನಿಂತವು. ನಿಂತೇ ಇದ್ದವು. ಆಮೇಲೆ ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಮೊಸರಿನ ಬಟ್ಟಲನ್ನು ಎತ್ತಿಕೊಂಡು, ಯಾರಿಗೂ ತಾಯಿ ತಂದಿ ಅನ್ನದೆ ಮನೆಗೆ ಹೋದ.

ಅವನು ಹೋದ ಮೇಲೂ ಕಸ್ತೂರಿ ಏಳಲಿಲ್ಲ. ಬಿಸಿಲು ಏರಿತು. ಹೆಂಗಸರು ಒಬ್ಬೊಬ್ಬರಾಗಿ ನೀರು ತಂದು ಅವಳ ಸುತ್ತ ಇಟ್ಟು ಹೋದರು. ಸಂಜೆ ಬಾಳವ್ವ ಬಂದು, "ಸಾಕು ಏಳ ಬೇ, ಮೊಳಕಾಲು ಹಿಡಕೊಂಡ್ರ ನಾ ಹೊತ್ಕೊಂಡ ಹೋಗಾಕಿಲ್ಲ" ಎಂದಾಗಲೇ ಅವಳು ಎದ್ದದ್ದು. ಎದ್ದವಳು ನಮ್ಮ ಮನೆಗೇ ಬಂದಳು, ಅಲ್ಲೇ ಉಳಿದಳು. ನಾವು ಆ ಊರು ಬಿಡುವಾಗ ಹೆಪ್ಪಿನ ಚಮಚವನ್ನು ನಾನು ಅವಳ ಕೈಗೇ ಕೊಟ್ಟು ಬಂದೆ.

ಬಾಳವ್ವನ ಹಾಲು ಮಾತ್ರ, ನಾನಿದ್ದ ಅಷ್ಟೂ ವರ್ಷ, ಮೊಸರಾಗಲಿಲ್ಲ. ಅವಳು ತನ್ನ ಪಾಲಿನ ಹಾಲಿಗೆ ದಿನವೂ ಹೆಪ್ಪು ಹಾಕುತ್ತಿದ್ದಳು, ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ, ಬೆಲ್ಲ ಹಾಕಿಕೊಂಡು ಕುಡಿಯುತ್ತಿದ್ದಳು. ಇವತ್ತಾದರೂ ಆಗಿರುತ್ತದೆ ಎಂದು ನಾನು ದಿನವೂ ಇಣುಕುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿದೆ, "ಯಕ್ಕಾ, ಅವತ್ತು ಆ ಕದದ ಮುಂದ ನಾವೆಲ್ಲಾ ಕಸ್ತೂರಿ ಹಂಗ ಕುಂತಿದ್ರ? ಅಂವ ತಗೀತಿದ್ದಿಲ್ಲೇನು?"

ಆ ಪ್ರಶ್ನೆಯನ್ನು ತನಗೆ ತಾನೇ ಬಹಳ ಸಲ ಕೇಳಿಕೊಂಡವಳ ಹಾಗೆ, "ತಗೀತಿದ್ದ, ಸಂಜೀಕ" ಎಂದಳು. "ಆಕಿ ಸಂಜೀತನಕಾ ಇರತಿದ್ದಿಲ್ಲ." ಬೆಲ್ಲದ ಡಬ್ಬಿ ಮುಚ್ಚಿಟ್ಟು, "ಮೊದಲನೆ ಸಲ ಆಕಿ ನೀರು ಬೇಡಿದ ದಿನಾ ಕುಂತಿದ್ರ ಬ್ಯಾರೆ ಮಾತಿತ್ತು" ಎಂದಳು.

ಅಡಿವೆಪ್ಪನ ಎಲುಬು ಸೊಟ್ಟಗೆ ಕೂಡಿತ್ತು. ಮೋಡ ಕವಿದ ದಿನ ನೋವು ಏಳುತ್ತಿತ್ತೇನೋ, ಬಲಗೈಯಿಂದ ಎಡ ಹೆಗಲನ್ನು ಒತ್ತಿ ಹಿಡಿದು ನಮ್ಮ ಓಣಿಯಲ್ಲೇ ಅಂಗಡಿಗೆ ಹೋಗುತ್ತಿದ್ದ. ಅವನು ಹಾಗೆ ಹೊರಟಾಗಲೆಲ್ಲ ಬಾಳವ್ವ ಯಾವ ಕೆಲಸದಲ್ಲಿದ್ದರೂ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಅವನು ನೋಡುತ್ತಿರಲಿಲ್ಲ, ಅವಳೂ ಕರೆಯುತ್ತಿರಲಿಲ್ಲ. ಒಂದು ದಿನ ಇಬ್ಬರೂ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆವು. ಅವಳು ಮೊರ ಕೆಳಗಿಟ್ಟು ಎದ್ದಳು. ನನಗೆ ರೇಗಿತು.

"ಅಂಥವಂಗ ಎಂಥಾ ಮರ್ಯಾದಿ ಯಕ್ಕಾ?"

"ಅವಂಗಲ್ಲ" ಎಂದಳು ಬಾಳವ್ವ, ಅವನ ಹೆಗಲನ್ನೇ ನೋಡುತ್ತ. "ಆ ಎಲುಬಿಗೆ."

ಅವನು ಮೂಲೆ ತಿರುಗಿದ ಮೇಲೆ ಕೂತು ಮೊರ ಎತ್ತಿಕೊಂಡಳು.